ವಿದೇಶ ಪ್ರವಾಸಕ್ಕೆ ಯಾವ ಕಾರ್ಡ್? ‘ಸೊನ್ನೆ ಮಾರ್ಕಪ್’ ನೋಡಿದರೆ ಸಾಲದು

ಬ್ಯಾಂಕಾಕಿನ ಹೋಟೆಲಿನಲ್ಲೋ ದುಬೈನ ಮಾಲಿನಲ್ಲೋ ಕಾರ್ಡ್ ಉಜ್ಜುವಾಗ ನಮಗೆ ಕಾಣುವುದು ಅಲ್ಲಿನ ಬೆಲೆ ಮಾತ್ರ. ಒಟ್ಟು ಎಷ್ಟು ರೂಪಾಯಿ ಹೋಯಿತು ಅನ್ನುವುದು ಸ್ಟೇಟ್‌ಮೆಂಟ್ ಬಂದ ಮೇಲೆಯೇ ಪೂರ್ತಿ ತಿಳಿಯುವುದು. ಅಷ್ಟರಲ್ಲಿ ದುಡ್ಡು ಹೋಗಿಯಾಗಿರುತ್ತದೆ.

ನಮ್ಮ ದೇಶದ ಹೆಚ್ಚಿನ ಸಾಮಾನ್ಯ ಕ್ರೆಡಿಟ್ ಕಾರ್ಡ್‌ಗಳು ವಿದೇಶಿ ಕರೆನ್ಸಿಯಲ್ಲಿ ಮಾಡಿದ ಪ್ರತಿ ಖರ್ಚಿನ ಮೇಲೂ 3.5% ಮಾರ್ಕಪ್, ಅಂದರೆ ಕರೆನ್ಸಿ ಬದಲಾಯಿಸಿದ್ದಕ್ಕೆ ಬ್ಯಾಂಕಿನ ಹೆಚ್ಚುವರಿ ಶುಲ್ಕ, ಹಾಕುತ್ತವೆ. ಆ ಮಾರ್ಕಪ್ ಮೇಲೆ 18% ಜಿಎಸ್‌ಟಿ. ಎರಡೂ ಸೇರಿ 4.13%. ಒಂದು ಕುಟುಂಬ ಪ್ರವಾಸದಲ್ಲಿ ಕಾರ್ಡಿನಿಂದ ಎರಡು ಲಕ್ಷ ರೂಪಾಯಿ ಖರ್ಚು ಮಾಡಿತು ಅಂತಿಟ್ಟುಕೊಳ್ಳಿ. ಅದರ ಮೇಲೆ 8,260 ರೂಪಾಯಿ ಬರೀ ಕಾರ್ಡ್ ಬಳಸಿದ್ದಕ್ಕೆ ಹೋಗುತ್ತದೆ. ಮಾರ್ಕಪ್ 2% ಇರುವ ಕಾರ್ಡ್ ಆದರೆ 4,720 ರೂಪಾಯಿ. ಮಾರ್ಕಪ್ ಇಲ್ಲದ ಕಾರ್ಡ್ ಆದರೆ ಈ ಬಾಬ್ತಿನಲ್ಲಿ ಏನೂ ಇಲ್ಲ. ವಿಮಾನದ ಟಿಕೆಟ್ಟಿನಲ್ಲಿ ಐನೂರು ರೂಪಾಯಿ ಉಳಿಸಲು ವಾರಗಟ್ಟಲೆ ಹುಡುಕುವ ನಾವು, ಇಷ್ಟು ದೊಡ್ಡ ಮೊತ್ತವನ್ನು ಗಮನಿಸದೇ ಬಿಟ್ಟುಬಿಡುತ್ತೇವೆ.

ಈಗ ‘ಸೊನ್ನೆ ಮಾರ್ಕಪ್’ ಕಾರ್ಡ್‌ಗಳು ಸಾಕಷ್ಟಿವೆ. ಫೆಡರಲ್ ಬ್ಯಾಂಕ್ ಜೊತೆಗೂಡಿ 2023ರಲ್ಲಿ ಬಂದ ಸ್ಕೇಪಿಯಾ ಕ್ರೆಡಿಟ್ ಕಾರ್ಡ್ ಆ ಹೆಸರಿನಲ್ಲೇ ಜನಪ್ರಿಯವಾಯಿತು. ಠೇವಣಿ ಇಟ್ಟು ಪಡೆಯುವ ಐಡಿಎಫ್‌ಸಿ ಫಸ್ಟ್ ಬ್ಯಾಂಕಿನ ವಾವ್ ಕಾರ್ಡ್, ಆರ್‌ಬಿಎಲ್ ಬ್ಯಾಂಕಿನ ವರ್ಲ್ಡ್ ಸಫಾರಿ ಕಾರ್ಡ್, ನಿಯೋದ ಡೆಬಿಟ್ ಕಾರ್ಡ್ ಕೂಡ ಇದೇ ಗುಂಪಿಗೆ ಸೇರಿದವು. ಷರತ್ತುಗಳು ಆಗಾಗ ಬದಲಾಗುತ್ತವೆ. ಹಾಗಾಗಿ ಅರ್ಜಿ ಹಾಕುವ ದಿನ ಬ್ಯಾಂಕಿನ ‘ಬಹುಮುಖ್ಯ ಷರತ್ತುಗಳ’ ಪುಟವನ್ನು ಒಮ್ಮೆ ತೆರೆದು ನೋಡಬೇಕು. ಮಾರ್ಕಪ್ ಎಷ್ಟು ಅನ್ನುವುದು ಅಲ್ಲೇ ಇರುತ್ತದೆ, ಜಾಹೀರಾತಿನಲ್ಲಿ ಅಲ್ಲ.

ಹಾಗಾದರೆ ಸೊನ್ನೆ ಮಾರ್ಕಪ್ ಕಾರ್ಡ್ ತಗೊಂಡರೆ ಕೆಲಸ ಮುಗಿಯಿತಾ? ಇಲ್ಲ. ನಮ್ಮ ರೂಪಾಯಿ ಬಾತ್ ಅಥವಾ ಯೂರೋ ಆಗುವ ದಾರಿಯಲ್ಲಿ ದುಡ್ಡು ಸೋರುವ ಜಾಗಗಳು ಹಲವು. ಮಾರ್ಕಪ್ ಅವುಗಳಲ್ಲಿ ಒಂದು ಅಷ್ಟೇ. ಕಾರ್ಡ್ ಅಗ್ಗವೋ ದುಬಾರಿಯೋ ಅಂತ ತೀರ್ಮಾನಿಸಬೇಕಾದದ್ದು ಕೊನೆಗೆ ಖಾತೆಯಿಂದ ಹೋದ ಒಟ್ಟು ರೂಪಾಯಿಯನ್ನು ನೋಡಿ.

ಮೊದಲು ವಿನಿಮಯ ದರ. ಅದನ್ನು ನಿಗದಿ ಮಾಡುವುದು ವೀಸಾ, ಮಾಸ್ಟರ್‌ಕಾರ್ಡ್‌ನಂಥ ಜಾಲಗಳು. ಅವು ದಿನದಿನದ ದರವನ್ನು ತಮ್ಮ ತಾಣದಲ್ಲಿ ಹಾಕುತ್ತವೆ. ಅಲ್ಲಿರುವ ಕ್ಯಾಲ್ಕುಲೇಟರಿನಲ್ಲಿ ನಿಮ್ಮ ಬ್ಯಾಂಕಿನ ಶುಲ್ಕ ಎಷ್ಟು ಶೇಕಡಾ ಅಂತ ಹಾಕಿದರೆ ರೂಪಾಯಿ ಲೆಕ್ಕ ಬರುತ್ತದೆ. ಈ ದರ ಮಾರುಕಟ್ಟೆ ದರಕ್ಕೆ ಸಾಕಷ್ಟು ಹತ್ತಿರವೇ ಇರುತ್ತದೆ. ವಿಮಾನ ನಿಲ್ದಾಣದ ಕರೆನ್ಸಿ ಕೌಂಟರಿನ ದರಕ್ಕೆ ಹೋಲಿಸಿದರೆ ಇದು ಬಹಳ ಒಳ್ಳೆಯ ದರ. ಇಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನೂ ಇಲ್ಲ.

ರೂಪಾಯಿಯಲ್ಲಿ ಕೊಡ್ತೀರಾ ಅಂತ ಯಂತ್ರ ಕೇಳಿದಾಗ

ನಿಜವಾದ ಹೊಡೆತ ಬೀಳುವುದು ಅಂಗಡಿಯ ಯಂತ್ರದಲ್ಲಿ. ಕಾರ್ಡ್ ಭಾರತದ್ದು ಅಂತ ಯಂತ್ರಕ್ಕೆ ಗೊತ್ತಾಗುತ್ತದೆ. ತಕ್ಷಣ ಪರದೆಯ ಮೇಲೆ ಎರಡು ಆಯ್ಕೆ ಬರುತ್ತವೆ: ಯೂರೋದಲ್ಲಿ ಕೊಡುವುದಾ, ರೂಪಾಯಿಯಲ್ಲಿ ಕೊಡುವುದಾ. ರೂಪಾಯಿ ಕಂಡರೆ ನಮಗೆ ಸಮಾಧಾನ. ಪರಿಚಿತ ಲೆಕ್ಕ, ಎಷ್ಟು ಹೋಗುತ್ತೆ ಅಂತ ಈಗಲೇ ಗೊತ್ತಾಗುತ್ತೆ. ಆದರೆ ಆ ಗುಂಡಿ ಒತ್ತಿದರೆ ವಿನಿಮಯ ದರ ಹಾಕುವವರು ವೀಸಾ, ಮಾಸ್ಟರ್‌ಕಾರ್ಡ್ ಅಲ್ಲ. ಅಂಗಡಿಯ ಹಿಂದಿರುವ ಪಾವತಿ ಕಂಪನಿ ತನ್ನ ಲಾಭ ಸೇರಿಸಿ ಹಾಕುತ್ತದೆ. ಇದಕ್ಕೆ ಡೈನಮಿಕ್ ಕರೆನ್ಸಿ ಕನ್ವರ್ಷನ್, ಚುಟುಕಾಗಿ ಡಿಸಿಸಿ ಅನ್ನುತ್ತಾರೆ.

ಲೆಕ್ಕ ಸುಲಭವಾಗಲಿ ಅಂತ ಒಂದು ಯೂರೋಗೆ ನೂರು ರೂಪಾಯಿ ಅಂತ ಹಿಡಿಯೋಣ. ನೂರು ಯೂರೋ ಬಿಲ್ಲು. ಅಂದರೆ ಹತ್ತು ಸಾವಿರ ರೂಪಾಯಿ. ಡಿಸಿಸಿ ದರ 5% ಜಾಸ್ತಿ ಇದ್ದರೆ ಯಂತ್ರ 10,500 ರೂಪಾಯಿ ತೋರಿಸುತ್ತದೆ. ಇಷ್ಟಕ್ಕೇ ಮುಗಿಯುವುದಿಲ್ಲ. ವಿದೇಶದಲ್ಲಿ ರೂಪಾಯಿಯಲ್ಲಿ ನಡೆದ ವ್ಯವಹಾರಕ್ಕೆ ನಮ್ಮ ಹಲವು ಬ್ಯಾಂಕುಗಳು ಪ್ರತ್ಯೇಕವಾಗಿ 1% ಆಸುಪಾಸಿನ ಶುಲ್ಕ ಹಾಕುತ್ತವೆ, ಅದರ ಮೇಲೆ ಜಿಎಸ್‌ಟಿ. ಒಟ್ಟು 10,624 ರೂಪಾಯಿ. ಸೊನ್ನೆ ಮಾರ್ಕಪ್ ಕಾರ್ಡ್ ಇಟ್ಟುಕೊಂಡೂ 6% ಕಳೆದುಕೊಂಡಂತಾಯಿತು. ಮಾಮೂಲಿ 3.5% ಕಾರ್ಡಿನಲ್ಲಿ ಯೂರೋ ಆರಿಸಿಕೊಂಡವರೇ ಕಡಿಮೆ ಕೊಟ್ಟರು.

ಆದ್ದರಿಂದ ಯಾವಾಗಲೂ ಅಲ್ಲಿನ ಕರೆನ್ಸಿಯನ್ನೇ ಆರಿಸಿ. ಕಾರ್ಡನ್ನು ಮಾಣಿಯ ಕೈಗೆ ಕೊಟ್ಟು ಸುಮ್ಮನೆ ಕೂರಬೇಡಿ. ಯಂತ್ರ ನಿಮ್ಮ ಮುಂದೆ ಬರಲಿ. ಕೆಲವೊಮ್ಮೆ ಅಂಗಡಿಯವರೇ ರೂಪಾಯಿ ಗುಂಡಿ ಒತ್ತಿಬಿಡುತ್ತಾರೆ. ರಸೀದಿಯಲ್ಲಿ ರೂಪಾಯಿ ಕಂಡರೆ ಸಹಿ ಹಾಕುವ ಮೊದಲು ಅದನ್ನು ರದ್ದು ಮಾಡಿ ಮತ್ತೆ ಮಾಡಿಸಿ. ಇದು ನಿಮ್ಮ ಹಕ್ಕು, ಸಂಕೋಚ ಬೇಡ. ಎಟಿಎಂನಲ್ಲೂ ಇದೇ ಕತೆ. ‘ಈ ದರ ಒಪ್ಪುತ್ತೀರಾ’ ಅಂತ ಕೇಳುತ್ತದೆ. ಬೇಡ ಅಂದರೆ ಹಣವೇ ಬರುವುದಿಲ್ಲವೇನೋ ಅಂತ ಜನ ಹೆದರುತ್ತಾರೆ. ಹಣ ಬರುತ್ತದೆ. ನಿಮ್ಮ ಕಾರ್ಡಿನ ದರದಲ್ಲಿ ಬರುತ್ತದೆ.

ಮನೆಯಲ್ಲೇ ಕೂತು ವಿದೇಶಿ ತಾಣದಲ್ಲಿ ಹೋಟೆಲ್ ಬುಕ್ ಮಾಡುವಾಗಲೂ ಈ ತೊಂದರೆ ಇದೆ. ಬೆಲೆ ರೂಪಾಯಿಯಲ್ಲೇ ಕಾಣುತ್ತದೆ. ಆದರೆ ಮಾರುವ ಕಂಪನಿ ಹೊರದೇಶದಲ್ಲಿ ನೋಂದಣಿಯಾಗಿದ್ದರೆ ಮೇಲೆ ಹೇಳಿದ 1% ಆಸುಪಾಸಿನ ಶುಲ್ಕ ಬರಬಹುದು. ಭಾರತದಲ್ಲೇ ಇದ್ದೆ, ರೂಪಾಯಿಯಲ್ಲೇ ಕೊಟ್ಟೆ, ಈ ಶುಲ್ಕ ಯಾಕೆ ಅಂತ ಗೊಂದಲಕ್ಕೆ ಬೀಳುವವರು ಬಹಳ ಜನ. ಕಾರಣ ಇದೇ.

ಯುರೋಪಿಯನ್ ಒಕ್ಕೂಟ 2019ರಲ್ಲಿ ಇದಕ್ಕೊಂದು ಕಾನೂನು ತಂದಿತು. 2020ರ ಏಪ್ರಿಲ್‌ನಿಂದ ಅಲ್ಲಿನ ಅಂಗಡಿ ಮತ್ತು ಎಟಿಎಂಗಳು ಒಕ್ಕೂಟದ ಕರೆನ್ಸಿಗಳ ನಡುವಿನ ಇಂಥ ಪರಿವರ್ತನೆಗೆ, ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ ದರಕ್ಕಿಂತ ಎಷ್ಟು ಶೇಕಡಾ ಜಾಸ್ತಿ ಹಾಕುತ್ತಿದ್ದೇವೆ ಅಂತ ಹಣ ಕೊಡುವ ಮೊದಲೇ ಹೇಳಬೇಕು. ಹೇಳಬೇಕಾದ ಒಂದೇ ಒಂದು ಸಂಖ್ಯೆ, ಆದರೆ ಬಳಕೆದಾರನಿಗೆ ಬೇಕಾಗಿರುವುದೂ ಅದೇ. ನಮ್ಮಲ್ಲಿಯೂ ಇದು ಬರಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ವಿದೇಶದ ಖರ್ಚಿನ ಎಸ್‌ಎಂಎಸ್‌ನಲ್ಲಿ ‘ಇಷ್ಟು ಡಾಲರ್, ಇಷ್ಟು ದರ, ಇಷ್ಟು ಮಾರ್ಕಪ್, ಇಷ್ಟು ಜಿಎಸ್‌ಟಿ, ಒಟ್ಟು ಇಷ್ಟು ರೂಪಾಯಿ’ ಅಂತ ಕಳಿಸುವುದು ಬ್ಯಾಂಕುಗಳಿಗೆ ಕಷ್ಟದ ಕೆಲಸವಲ್ಲ. ಈಗ ಏನಾಗುತ್ತಿದೆ? ಒಂದು ಬ್ಯಾಂಕ್ ಮಾರ್ಕಪ್ಪನ್ನು ಬೇರೆ ಸಾಲಿನಲ್ಲಿ ತೋರಿಸುತ್ತದೆ, ಇನ್ನೊಂದು ಮೂಲ ಮೊತ್ತದೊಳಗೇ ಸೇರಿಸಿಬಿಡುತ್ತದೆ. ಎರಡು ಕಾರ್ಡ್‌ಗಳನ್ನು ಹೋಲಿಸಿ ನೋಡಲು ಸಾಮಾನ್ಯ ಜನರಿಗೆ ದಾರಿಯೇ ಇಲ್ಲ.

ಫಾರೆಕ್ಸ್ ಕಾರ್ಡ್ ಯಾರಿಗೆ?

ಟ್ರಾವೆಲ್ ಏಜೆಂಟರು ಮೊದಲು ಕೈಗಿಡುವುದು ಫಾರೆಕ್ಸ್ ಕಾರ್ಡನ್ನು. ಮುಂಚೆಯೇ ರೂಪಾಯಿ ಕೊಟ್ಟು ಡಾಲರ್ ಅಥವಾ ಯೂರೋ ತುಂಬಿಸಿಕೊಂಡು ಹೋಗುವುದು. ‘ಇದರಲ್ಲಿ ಮಾರ್ಕಪ್ ಇಲ್ಲ’ ಅನ್ನುತ್ತಾರೆ. ನಿಜವೇ. ಆದರೆ ಖರ್ಚು ಬೇರೆ ಜಾಗದಲ್ಲಿ ಕೂತಿರುತ್ತದೆ. ಮಾರುಕಟ್ಟೆಯಲ್ಲಿ ಡಾಲರ್ 90 ರೂಪಾಯಿ ಇರುವ ದಿನ ನಿಮಗೆ 91.80ಕ್ಕೆ ತುಂಬಿಸಿಕೊಟ್ಟರೆ ಅಲ್ಲೇ 2% ಹೋಯಿತು. ಕರೆನ್ಸಿ ಪರಿವರ್ತನೆಯ ಜಿಎಸ್‌ಟಿ ಚಿಕ್ಕದು, ಒಂದು ಲಕ್ಷಕ್ಕೆ 180 ರೂಪಾಯಿ. ಎರಡು ಲಕ್ಷಕ್ಕೆ 270. ಅದರ ಬಗ್ಗೆ ಚಿಂತೆ ಬೇಡ. ಚೌಕಾಸಿ ಮಾಡಬೇಕಾದದ್ದು ದರದ ಬಗ್ಗೆ. ಎರಡು ಮೂರು ಕಡೆ ಒಂದೇ ದಿನ, ಒಂದೇ ಹೊತ್ತಿಗೆ ದರ ಕೇಳಿ. ಕಾರ್ಡಿನ ಶುಲ್ಕ ಮನ್ನಾ ಮಾಡುತ್ತೇವೆ ಅಂತ ಹೇಳಿ ದರದಲ್ಲಿ ತೆಗೆದುಕೊಳ್ಳುವುದುಂಟು.

ದೊಡ್ಡ ನಷ್ಟ ಆಗುವುದು ತುಂಬಿದ ಕರೆನ್ಸಿ ಒಂದು, ಖರ್ಚು ಮಾಡುವ ಕರೆನ್ಸಿ ಇನ್ನೊಂದು ಆದಾಗ. ಡಾಲರ್ ತುಂಬಿಸಿಕೊಂಡು ವಿಯೆಟ್ನಾಂಗೋ ಬಾಲಿಗೋ ಹೋಗುತ್ತಾರೆ. ವಿಯೆಟ್ನಾಂನ ಡಾಂಗ್, ಇಂಡೊನೇಷ್ಯಾದ ರುಪಿಯಾ ನಮ್ಮ ಹೆಚ್ಚಿನ ಫಾರೆಕ್ಸ್ ಕಾರ್ಡ್‌ಗಳಲ್ಲಿ ಸಿಗುವುದಿಲ್ಲ. ಆಗ ಡಾಲರಿನಿಂದ ಡಾಂಗ್‌ಗೆ ಬದಲಾಯಿಸುವುದಕ್ಕೆ 2ರಿಂದ 3.5%ವರೆಗೆ ಕ್ರಾಸ್ ಕರೆನ್ಸಿ ಶುಲ್ಕ ಬೀಳಬಹುದು. ರೂಪಾಯಿಯಿಂದ ಡಾಲರಿಗೆ ಒಮ್ಮೆ, ಡಾಲರಿನಿಂದ ಡಾಂಗ್‌ಗೆ ಇನ್ನೊಮ್ಮೆ, ಎರಡೂ ಕಡೆ ಕಳೆದುಕೊಂಡಂತೆ. ಈ ಶುಲ್ಕ ಇಲ್ಲದ ಕಾರ್ಡ್‌ಗಳೂ ಇವೆ, ಕೇಳಿ ತಿಳಿದುಕೊಳ್ಳಿ. ಇಂಥ ದೇಶಗಳಿಗೆ ನನ್ನ ಆಯ್ಕೆ ಸೊನ್ನೆ ಮಾರ್ಕಪ್ ಡೆಬಿಟ್ ಅಥವಾ ಕ್ರೆಡಿಟ್ ಕಾರ್ಡೇ.

ದರ ಏರಿಬಿಟ್ಟರೆ ಅನ್ನುವ ಭಯಕ್ಕೂ ಜನ ಫಾರೆಕ್ಸ್ ಕಾರ್ಡ್ ಮಾಡಿಸುತ್ತಾರೆ. ಭಯ ಸುಳ್ಳಲ್ಲ. 2025ರ ಡಿಸೆಂಬರ್‌ನಲ್ಲಿ ಡಾಲರ್ 90 ರೂಪಾಯಿ ದಾಟಿತು. ಆದರೆ ಹತ್ತು ದಿನದ ಪ್ರವಾಸದಲ್ಲಿ ದರ ಸಾಮಾನ್ಯವಾಗಿ 2%ರಷ್ಟು ಏರುವುದಿಲ್ಲ. ಓದಲು ಹೋಗುವ ಮಕ್ಕಳಿಗೆ, ಆರು ತಿಂಗಳು ಇರಲು ಹೋಗುವವರಿಗೆ ಈ ಮಾತು ಬೇರೆ. ಅವರಿಗೆ ದರ ಮುಂಚೆಯೇ ಖಾತ್ರಿಯಾಗುವುದು ನಿಜಕ್ಕೂ ಅನುಕೂಲ.

ನಗದು ಬೇಕಾದಾಗ

ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ಹಣ ತೆಗೆಯಲೇಬೇಡಿ. ಸಾಮಾನ್ಯವಾಗಿ 2.5% ನಗದು ಶುಲ್ಕ, ಅದಕ್ಕೆ ಐನೂರು ರೂಪಾಯಿ ಆಸುಪಾಸಿನ ಕನಿಷ್ಠ ಮೊತ್ತ, ಜೊತೆಗೆ ತೆಗೆದ ದಿನದಿಂದಲೇ ಬಡ್ಡಿ. ಖರೀದಿಗೆ ಸಿಗುವ 45-50 ದಿನದ ಬಡ್ಡಿರಹಿತ ಅವಧಿ ಇಲ್ಲಿ ಇಲ್ಲ. ನಗದಿಗೆ ಡೆಬಿಟ್ ಅಥವಾ ಫಾರೆಕ್ಸ್ ಕಾರ್ಡ್ ಇರಬೇಕು.

ಅಲ್ಲಿನ ಎಟಿಎಂ ಕೂಡ ತನ್ನ ಪಾಲು ಕೇಳುತ್ತದೆ. ಥಾಯ್ಲೆಂಡಿನಲ್ಲಿ ವಿದೇಶಿ ಕಾರ್ಡ್ ಹಾಕಿದರೆ ಸಾಮಾನ್ಯವಾಗಿ ಒಂದು ಸಲಕ್ಕೆ 220 ಬಾತ್ ಅಥವಾ ಅದಕ್ಕಿಂತ ಜಾಸ್ತಿ. ಎರಡು ಸಾವಿರ ಬಾತ್ ತೆಗೆದರೆ ಅದು 11%. ಇಪ್ಪತ್ತು ಸಾವಿರ ತೆಗೆದರೆ ಬರೀ 1.1%. ಅಂದರೆ ದಿನಾ ಸ್ವಲ್ಪ ಸ್ವಲ್ಪ ತೆಗೆಯುವ ಅಭ್ಯಾಸ ಅಲ್ಲಿ ದುಬಾರಿ. ನಿಮ್ಮ ಬ್ಯಾಂಕ್ ಸೊನ್ನೆ ಮಾರ್ಕಪ್ ಅಂದರೂ ಈ ಶುಲ್ಕವನ್ನು ಅದು ತಡೆಯಲಾರದು. ಜೊತೆಗೆ ನಮ್ಮ ಮಾಮೂಲಿ ಡೆಬಿಟ್ ಕಾರ್ಡ್‌ಗಳು ವಿದೇಶಿ ಎಟಿಎಂಗೆ ಪ್ರತಿ ಸಲ ನೂರಿಪ್ಪತ್ತೈದು, ನೂರೈವತ್ತು ರೂಪಾಯಿ ಹಾಕುವುದುಂಟು. ಜಪಾನಿನಲ್ಲಿ ಎಲ್ಲ ಎಟಿಎಂಗಳೂ ನಮ್ಮ ಕಾರ್ಡ್ ತೆಗೆದುಕೊಳ್ಳುವುದಿಲ್ಲ. ಸೆವೆನ್ ಇಲೆವೆನ್ ಅಂಗಡಿಗಳಲ್ಲಿರುವ ಸೆವೆನ್ ಬ್ಯಾಂಕ್ ಎಟಿಎಂಗಳನ್ನು ನಂಬಬಹುದು.

ಹೊರಡುವಾಗಲೇ ಸ್ವಲ್ಪ ನೋಟು ಇಟ್ಟುಕೊಂಡಿರುವುದು ಒಳ್ಳೆಯದು. ಹೆಚ್ಚಿನ ದೇಶಗಳಿಗೆ ಒಂದು ಪ್ರವಾಸಕ್ಕೆ 3,000 ಡಾಲರ್ ಮೌಲ್ಯದವರೆಗೆ ವಿದೇಶಿ ನೋಟು ಕೊಂಡೊಯ್ಯಬಹುದು. ಆದರೆ ಅದನ್ನು ಊರಲ್ಲೇ ಕೊಳ್ಳಿ, ಕೊನೇ ಗಳಿಗೆಯಲ್ಲಿ ವಿಮಾನ ನಿಲ್ದಾಣದಲ್ಲಿ ಅಲ್ಲ.

ವಾರ್ಷಿಕ ಶುಲ್ಕ ಮತ್ತು ಪಾಯಿಂಟುಗಳ ಆಸೆ

ಕೆಲವು ಸೊನ್ನೆ ಮಾರ್ಕಪ್ ಕಾರ್ಡ್‌ಗಳಿಗೆ ವಾರ್ಷಿಕ ಶುಲ್ಕ ಇದೆ. 3,000 ರೂಪಾಯಿ ಶುಲ್ಕ ಅಂದರೆ ಜಿಎಸ್‌ಟಿ ಸೇರಿ 3,540. ಈಗಾಗಲೇ ನಿಮ್ಮ ಹತ್ತಿರ 3.5% ಮಾರ್ಕಪ್ ಕಾರ್ಡ್ ಇದ್ದರೆ, ವರ್ಷಕ್ಕೆ ವಿದೇಶದಲ್ಲಿ ಸುಮಾರು 86,000 ರೂಪಾಯಿ ದಾಟಿ ಖರ್ಚು ಮಾಡಿದರೆ ಮಾತ್ರ ಆ ಶುಲ್ಕ ಗಿಟ್ಟುತ್ತದೆ. ಇರುವುದು 2% ಕಾರ್ಡ್ ಆದರೆ ಒಂದೂವರೆ ಲಕ್ಷ ದಾಟಬೇಕು. ಐದು ವರ್ಷಕ್ಕೊಮ್ಮೆ ಹೋಗುವವರಿಗೆ ಶುಲ್ಕವಿಲ್ಲದ ಕಾರ್ಡೇ ಸಾಕು.

ಪಾಯಿಂಟು ಕೊಡುವ ದುಬಾರಿ ಕಾರ್ಡ್‌ಗಳ ಲೆಕ್ಕ ಇನ್ನೊಂದು ಥರ. 2% ಮಾರ್ಕಪ್, ಆದರೆ 3% ಮೌಲ್ಯದ ಪಾಯಿಂಟು. ಕಾಗದದ ಮೇಲೆ ಇದು ಸೊನ್ನೆ ಮಾರ್ಕಪ್ಪಿಗಿಂತ ಲಾಭ. ಪಾಯಿಂಟುಗಳನ್ನು ಸರಿಯಾಗಿ ವಿಮಾನ, ಹೋಟೆಲಿಗೆ ಬಳಸುವವರಿಗೆ ಇದು ನಿಜವೂ ಹೌದು. ಆದರೆ ಮಾರ್ಕಪ್ ಈಗಲೇ ಹೋಗುತ್ತದೆ, ಪಾಯಿಂಟು ಬಳಸಿದಾಗ ಮಾತ್ರ ದುಡ್ಡು. ನಿಯಮ ಬದಲಾಯಿಸಿ ಅದರ ಬೆಲೆ ತಗ್ಗಿಸುವ ಅಧಿಕಾರ ಬ್ಯಾಂಕಿನ ಕೈಯಲ್ಲಿದೆ. ಪಾಯಿಂಟಿನ ಹಿಂದೆ ಬೀಳುವ ವ್ಯವಧಾನ ಇಲ್ಲದವರಿಗೆ ಸೊನ್ನೆ ಮಾರ್ಕಪ್ ನೆಮ್ಮದಿ.

ತೆರಿಗೆಯ ಮಾತು ಚಿಕ್ಕದಾಗಿ ಮುಗಿಸುತ್ತೇನೆ. ಡೆಬಿಟ್ ಮತ್ತು ಫಾರೆಕ್ಸ್ ಕಾರ್ಡಿನ ವಿದೇಶಿ ಖರ್ಚು ವಿದೇಶಕ್ಕೆ ಹಣ ಕಳಿಸಲು ಅವಕಾಶ ಕೊಡುವ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯೊಳಗೆ ಬರುತ್ತದೆ. ಅದರ ಮಿತಿ ವರ್ಷಕ್ಕೆ ಒಬ್ಬರಿಗೆ 2,50,000 ಡಾಲರ್. ಇಂಥ ಪ್ರವಾಸದ ಖರ್ಚು ವರ್ಷಕ್ಕೆ ಹತ್ತು ಲಕ್ಷ ರೂಪಾಯಿ ದಾಟಿದರೆ ಮೇಲಿನ ಮೊತ್ತಕ್ಕೆ 20% ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿಯುತ್ತಾರೆ. 2025ರ ಏಪ್ರಿಲ್‌ವರೆಗೆ ಈ ಮಿತಿ ಏಳು ಲಕ್ಷ ಇತ್ತು. ಕ್ರೆಡಿಟ್ ಕಾರ್ಡನ್ನೂ ಇದರೊಳಗೆ ತರುವ ಆದೇಶ 2023ರ ಮೇ ತಿಂಗಳಲ್ಲಿ ಬಂದಿತ್ತು. ಜನರ ವಿರೋಧದ ನಂತರ ಜೂನ್ ಕೊನೆಯಲ್ಲಿ ಸರ್ಕಾರ ಅದನ್ನು ಮುಂದೂಡಿತು. ಟಿಸಿಎಸ್ ಕಳೆದುಹೋಗುವ ದುಡ್ಡಲ್ಲ, ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು. ಹೆಚ್ಚಿನ ಮಧ್ಯಮ ವರ್ಗದ ಪ್ರವಾಸಗಳು ಹತ್ತು ಲಕ್ಷದ ಹತ್ತಿರವೂ ಹೋಗುವುದಿಲ್ಲ.

ಯುಪಿಐ ಬಗ್ಗೆಯೂ ಜನ ಕೇಳುತ್ತಾರೆ. ಭೂತಾನ್, ನೇಪಾಳ, ಶ್ರೀಲಂಕಾ, ಮಾರಿಷಸ್, ಯುಎಇ, ಸಿಂಗಪುರಗಳ ಕೆಲವು ಅಂಗಡಿಗಳಲ್ಲಿ, ಪ್ಯಾರಿಸ್ಸಿನ ಐಫೆಲ್ ಟವರಿನಲ್ಲಿ ಈಗ ಅದು ನಡೆಯುತ್ತದೆ. ಇದರಲ್ಲಿ ನನಗೆ ಇಷ್ಟವಾದದ್ದು ಪಿನ್ ಒತ್ತುವ ಮೊದಲೇ ಒಟ್ಟು ರೂಪಾಯಿ ಕಾಣುವುದು. ಆದರೆ ಅದರಲ್ಲೂ ಬ್ಯಾಂಕಿನ ಪರಿವರ್ತನಾ ದರ ಸೇರಿರುತ್ತದೆ. ಜೊತೆಗೆ ಎಲ್ಲ ಅಂಗಡಿಗಳಲ್ಲೂ ಇಲ್ಲ. ಅದನ್ನೇ ನಂಬಿ ಹೊರಡುವಂತಿಲ್ಲ.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗುವವರು

ಮೈಸೂರು, ದಾವಣಗೆರೆ, ಶಿವಮೊಗ್ಗದಿಂದ ಮಗನ ಮನೆಗೋ ಮಗಳ ಮನೆಗೋ ಆರು ತಿಂಗಳಿಗೆ ಹೋಗುವ ಅಪ್ಪ-ಅಮ್ಮಂದಿರು ಬಹಳ ಜನ. ಇವರಿಗೆ ಯಾವ ಕಾರ್ಡ್ ಅನ್ನುವುದಕ್ಕಿಂತ ಕಾರ್ಡ್ ಎಲ್ಲಿ ಕೈಕೊಡುತ್ತದೆ ಅನ್ನುವುದು ಮುಖ್ಯ. ಅಲ್ಲಿನ ಪೆಟ್ರೋಲ್ ಬಂಕಿನ ಯಂತ್ರ ಐದಂಕಿಯ ಜಿಪ್ ಕೋಡ್ ಕೇಳುತ್ತದೆ. ನಮ್ಮ ಪಿನ್‌ಕೋಡ್ ಆರಂಕಿ. ಕಾರ್ಡ್ ತಿರಸ್ಕೃತವಾಗುತ್ತದೆ. ಒಳಗೆ ಹೋಗಿ ಕ್ಯಾಷಿಯರ್ ಹತ್ತಿರ ಕೊಟ್ಟರೆ ಆಯಿತು. ಹೋಟೆಲಿನಲ್ಲಿ ಊಟ ಮಾಡಿದರೆ ಕಾರ್ಡ್ ಉಜ್ಜಿದ ಮೇಲೆ ಟಿಪ್ಸ್ ಸೇರಿಸುವ ಪದ್ಧತಿ ಇದೆ. ಮೊದಲು ಬಂದ ಎಸ್‌ಎಂಎಸ್‌ಗಿಂತ ಕೊನೆಯ ಮೊತ್ತ ಜಾಸ್ತಿ ಇದ್ದರೆ ಗಾಬರಿಯಾಗಬೇಡಿ. ರಸೀದಿ ಮಾತ್ರ ಇಟ್ಟುಕೊಳ್ಳಿ.

ಇವರಿಗೆ ನನ್ನ ಸಲಹೆ: ಮನೆಯ ದಿನನಿತ್ಯದ ಖರ್ಚು ಮಕ್ಕಳ ಅಲ್ಲಿನ ಕಾರ್ಡಿನಲ್ಲೇ ಆಗಲಿ, ಅದರಲ್ಲಿ ರೂಪಾಯಿ ಪರಿವರ್ತನೆಯ ಪ್ರಶ್ನೆಯೇ ಇಲ್ಲ. ಅಪ್ಪ-ಅಮ್ಮನ ಕೈಯಲ್ಲಿ ಸ್ವಂತದ್ದೊಂದು ಕಾರ್ಡ್ ಇರಲೇಬೇಕು. ದಾರಿಯಲ್ಲಿ ವಿಮಾನ ತಪ್ಪಿದರೆ, ಔಷಧಿ ಬೇಕಾದರೆ ಮಕ್ಕಳನ್ನು ಕಾಯುವಂತಾಗಬಾರದು. ಅದಕ್ಕೆ ಸ್ವಲ್ಪವೇ ಡಾಲರ್ ತುಂಬಿದ ಫಾರೆಕ್ಸ್ ಕಾರ್ಡ್ ಒಳ್ಳೆಯದು. ಯಾರಾದರೂ ಕದ್ದರೂ ಊರಿನ ಉಳಿತಾಯ ಖಾತೆಗೆ ಕೈ ಹಾಕಲಾರರು.

ಉಳಿದವರಿಗೆಲ್ಲ ಎರಡು ಕಾರ್ಡ್ ಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಅಂಗಡಿ, ಹೋಟೆಲ್ ಠೇವಣಿ, ಬಾಡಿಗೆ ಕಾರಿಗೆ ಒಂದು ಕ್ರೆಡಿಟ್ ಕಾರ್ಡ್. ಎಟಿಎಂಗೆ ಒಂದು ಸೊನ್ನೆ ಮಾರ್ಕಪ್ ಡೆಬಿಟ್ ಕಾರ್ಡ್, ಅದೂ ಸಂಬಳ ಬರುವ ಖಾತೆಯದ್ದಲ್ಲ, ಬೇಕಾದಷ್ಟೇ ಹಣ ಹಾಕಿಟ್ಟ ಬೇರೆ ಖಾತೆಯದ್ದು. ಒಂದು ವೀಸಾ, ಇನ್ನೊಂದು ಮಾಸ್ಟರ್‌ಕಾರ್ಡ್ ಆದರೆ ಇನ್ನೂ ಒಳ್ಳೆಯದು. ಎರಡನ್ನೂ ಒಂದೇ ಪರ್ಸಿನಲ್ಲಿ ಇಡಬೇಡಿ. ಹೋಟೆಲಿನ ಠೇವಣಿಯನ್ನು ಮೊತ್ತ ತಡೆಹಿಡಿಯುವ ರೂಪದಲ್ಲಿ ತೆಗೆದುಕೊಳ್ಳಲು ಹೇಳಿ. ಹಣ ಕತ್ತರಿಸಿ ಆಮೇಲೆ ಹಿಂದಿರುಗಿಸಿದರೆ ಆ ದಿನದ ದರದಲ್ಲಿ ಬರುತ್ತದೆ, ಮಾರ್ಕಪ್ ವಾಪಸ್ ಬರುವ ಖಾತ್ರಿ ಇಲ್ಲ. ಲಂಡನ್ನಿನ ಬಸ್ಸು, ಟ್ಯೂಬ್‌ಗಳಲ್ಲಿ ಇಡೀ ದಿನ ಒಂದೇ ಕಾರ್ಡ್ ತಟ್ಟಿ. ದಿನಕ್ಕೆ ಇಷ್ಟಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ ಅನ್ನುವ ಮಿತಿಯ ಲಾಭ ಸಿಗುವುದು ಒಂದೇ ಕಾರ್ಡ್ ಬಳಸಿದರೆ.

2020ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೊಸ ಕಾರ್ಡ್‌ಗಳಲ್ಲಿ ವಿದೇಶಿ ಬಳಕೆ ಮೊದಲಿಗೆ ಬಂದ್ ಆಗಿರುತ್ತದೆ. ಹೊರಡುವ ಮೊದಲು ಆ್ಯಪ್‌ನಲ್ಲಿ ಅದನ್ನು ಶುರು ಮಾಡಿ, ಮಿತಿ ನಿಗದಿ ಮಾಡಿ. ಕ್ರೆಡಿಟ್ ಕಾರ್ಡಿನ ಪಿನ್ ನೆನಪಿರಲಿ. ಊರಿನ ಸಿಮ್‌ಗೆ ರೋಮಿಂಗ್ ಇಲ್ಲದಿದ್ದರೆ ಒಟಿಪಿ ಬರುವುದಿಲ್ಲ.

ವಾಪಸ್ ಬಂದ ಮೇಲೆ ವಿದೇಶಿ ಬಳಕೆಯನ್ನು ಮತ್ತೆ ಬಂದ್ ಮಾಡಿ. ಉಳಿದ ವಿದೇಶಿ ಕರೆನ್ಸಿಯಲ್ಲಿ 2,000 ಡಾಲರ್ ಮೌಲ್ಯದವರೆಗೆ ಇಟ್ಟುಕೊಳ್ಳಬಹುದು, ಮಿಕ್ಕದ್ದನ್ನು 180 ದಿನದೊಳಗೆ ಬದಲಾಯಿಸಿಕೊಳ್ಳಬೇಕು. ನಂತರ ಸ್ಟೇಟ್‌ಮೆಂಟನ್ನು ಒಂದೊಂದೇ ಸಾಲು ನೋಡಿ. ನೀವು ಮಾಡದ ಖರ್ಚು ಕಂಡರೆ, ಅದರ ಬಗ್ಗೆ ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿ. ತಪ್ಪು ನಿಮ್ಮದಲ್ಲದೆ ಹೊರಗಿನವರಿಂದ ಆಗಿದ್ದರೆ, 2017ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ ನಿಮ್ಮ ಮೇಲೆ ಹೊರೆ ಬೀಳುವುದಿಲ್ಲ. ಸೊನ್ನೆ ಅಂತ ಹೇಳಿ ಮಾರ್ಕಪ್ ಹಾಕಿದ್ದರೆ ಲಿಖಿತವಾಗಿ ದೂರು ಕೊಡಿ. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.